ಕೊಡಚಾದ್ರಿಯ ಮಂಜಿನಲ್ಲಿ ಚೌಕ ಫಿಲ್ಟರಾ, ಬ್ರಾಕೆಟಿಂಗಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬ್ರಾಕೆಟಿಂಗ್‌ಗೆ. 9,000 ರೂಪಾಯಿ ಕೊಟ್ಟು ಚೌಕ ಗ್ರಾಜುಯೇಟೆಡ್ ಫಿಲ್ಟರ್ ಸೆಟ್ ತಂದು, ಎರಡು ಮಳೆಗಾಲ ಬೆಟ್ಟ ಹತ್ತಿ ಇಳಿದ ಮೇಲೆ ಹೇಳುತ್ತಿರುವ ಮಾತು ಇದು.

ಸಂಜೆ ಹೊತ್ತು ಆಕಾಶ ಬೆಳ್ಳಗೆ ಉರಿಯುತ್ತಿರುತ್ತದೆ, ಕೆಳಗೆ ಶೋಲಾ ಕಾಡು ಕತ್ತಲು. ಒಂದೇ ಫೋಟೋದಲ್ಲಿ ಎರಡೂ ಸರಿಯಾಗಿ ಬರುವುದು ಕಷ್ಟ. ಮೇಲರ್ಧ ಕಪ್ಪಿರುವ ಚೌಕ ಫಿಲ್ಟರ್ ಗಾಜನ್ನು ಲೆನ್ಸ್ ಮುಂದೆ ಇಳಿಸಿ ಆಕಾಶವನ್ನು ಮೂರು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ) ತಗ್ಗಿಸುವುದು ಒಂದು ದಾರಿ. ಮೈನಸ್ ಎರಡು, ಸೊನ್ನೆ, ಪ್ಲಸ್ ಎರಡು ಸ್ಟಾಪ್ ಅಂತ, ಅಂದರೆ ಒಂದು ಕಪ್ಪಾಗಿ, ಒಂದು ಹದವಾಗಿ, ಒಂದು ಬೆಳ್ಳಗೆ, ಮೂರು ಫೋಟೋ ತೆಗೆದು ಮನೆಯಲ್ಲಿ ಒಂದಾಗಿ ಸೇರಿಸುವುದು ಇನ್ನೊಂದು; ಇದೇ ಬ್ರಾಕೆಟಿಂಗ್.

ಫಿಲ್ಟರ್ ಕೈಕೊಟ್ಟಿದ್ದು ಹನಿಯಿಂದ. ಕೊಡಚಾದ್ರಿ 1,343 ಮೀಟರ್ ಎತ್ತರ. ಕಡಲ ಕಡೆಯ ಹಸಿ ಗಾಳಿ ಮೇಲೇರುತ್ತಾ ತಣ್ಣಗಾಗಿ ಮಂಜಾಗುತ್ತದೆ. ಸೆಪ್ಟೆಂಬರಿನ ಒಂದು ಸಂಜೆ ಸರ್ವಜ್ಞ ಪೀಠದ ಹತ್ತಿರ ನಿಂತಿದ್ದೆ. ಫಿಲ್ಟರ್ ಹಿಡಿಯುವ ಹೋಲ್ಡರ್ ಹಾಕಬೇಕೆಂದರೆ ಲೆನ್ಸ್ ಮುಂದಿನ ಮರೆ, ಅಂದರೆ ಹುಡ್, ತೆಗೆಯಲೇಬೇಕು. ಹನಿ ತಡೆಯುತ್ತಿದ್ದುದೇ ಅದು ಅಲ್ವಾ? ಇನ್ನು ಲೆನ್ಸ್ ಮೇಲೆ, ಗಾಜಿನ ಹಿಂದೆ, ಗಾಜಿನ ಮುಂದೆ, ಮೂರು ಕಡೆ ನೀರು. ಹೊರಗಡೆ ಒರೆಸಿದರೆ ಒಳಗಡೆ ಮಬ್ಬು. ಒಳಗಡೆ ಒರೆಸಲು ಗಾಜು ಎಳೆದರೆ, ಗಾಜಿನ ಕಪ್ಪು ಮುಗಿಯುವ ಗೆರೆಯನ್ನು ಬೆಟ್ಟದ ಸಾಲಿಗೆ ಹೊಂದಿಸಿಟ್ಟದ್ದು ತಪ್ಪುತ್ತದೆ. ಬಟ್ಟೆಯೇ ಒದ್ದೆಯಾದ ಮೇಲಂತೂ ಒರೆಸಿದಷ್ಟೂ ಎಣ್ಣೆ ಸವರಿದ ಹಾಗೆ.

ಮಂಜು ಸರಿದು ಬಿಸಿಲು ಬಿದ್ದಿದ್ದು ಒಂದೆರಡು ನಿಮಿಷ. ಆಗ ನಾನು ಗಾಜು ಒರೆಸುತ್ತಿದ್ದೆ.

ಕೊನೆಗೆ ಸಿಕ್ಕ ಒಂದು ಫೋಟೋದಲ್ಲೂ ಪ್ರತಿ ಹನಿ ಒಂದೊಂದು ಬೆಳಕಿನ ಚುಕ್ಕೆಯಾಗಿ ಕೂತಿತ್ತು. ಅದಕ್ಕಿಂತ ಹೊಟ್ಟೆ ಉರಿದದ್ದು ಪೀಠ ನೋಡಿ. ಆ ಪುಟ್ಟ ಕಲ್ಲಿನ ಗುಡಿ ಬೆಟ್ಟದ ತುದಿಯಲ್ಲಿ ಆಕಾಶಕ್ಕೆ ಎದ್ದು ನಿಂತಿದೆ. ಗುಡಿ ಯಾವುದು, ಆಕಾಶ ಯಾವುದು ಅಂತ ಫಿಲ್ಟರಿಗೆ ಗೊತ್ತಾಗುವುದಿಲ್ಲ. ಗುಡಿಯ ಮೇಲ್ಭಾಗ ಪೂರ್ತಿ ಕಪ್ಪು. ನಮ್ಮ ಘಟ್ಟದಲ್ಲಿ ನೇರ ಗೆರೆಯಂಥ ಬೆಟ್ಟದ ಸಾಲು ಎಲ್ಲಿದೆ ಹೇಳಿ?

ಮರುವರ್ಷ ಹುಡ್ ಹಾಕಿಕೊಂಡೇ ಹೋದೆ. ಮೇಲೆ ಒಂದು ಕೊಡೆ. ಮಂಜು ತೆರೆದ ತಕ್ಷಣ ಬಟನ್ ಒತ್ತಿ ಹಿಡಿದೆ, ಒಂದು ಸೆಕೆಂಡಿನೊಳಗೆ ಮೂರೂ ಫ್ರೇಮ್ ಬಂದವು. ಗುಡಿಯ ಕಲ್ಲುಗಳು ಒಂದೊಂದೂ ಕಾಣುತ್ತಿದ್ದವು. ಅವತ್ತು ಎಷ್ಟು ಖುಷಿಯಾಯಿತು ಅಂದರೆ, ಅಲ್ಲೇ ನಿಂತು ಸ್ಕ್ರೀನಿನಲ್ಲಿ ಮತ್ತೆ ಮತ್ತೆ ನೋಡಿದೆ.

ತೊಂದರೆ ಇಲ್ಲ ಅಂತಲ್ಲ. ಗಾಳಿಗೆ ಹುಲ್ಲು ಅಲ್ಲಾಡಿದರೆ ಸೇರಿಸುವಾಗ ಅದು ಎರಡೆರಡಾಗಿ, ನೆರಳಿನ ಹಾಗೆ ಕಾಣುತ್ತದೆ. ಹುಲ್ಲಿನ ಭಾಗವನ್ನು ಒಂದೇ ಫ್ರೇಮಿನಿಂದ ತೆಗೆದುಕೊಂಡರೆ ಸರಿಹೋಗುತ್ತದೆ. ಮಂಜು ದಟ್ಟವಾಗಿದ್ದಾಗ ಬ್ರಾಕೆಟಿಂಗೂ ಬೇಡ. ಬೆಳಕು ಕತ್ತಲಿನ ಅಂತರವೇ ಕಡಿಮೆ ಇರುತ್ತದೆ, ಒಂದು ರಾ ಫೈಲ್ (ಕ್ಯಾಮೆರಾ ಹಿಡಿದ ಮಾಹಿತಿಯನ್ನೆಲ್ಲ ಹಾಗೇ ಉಳಿಸುವ ಫೈಲ್) ಸಾಕು.

ಒದ್ದೆ ಎಲೆಯ ಹೊಳಪು ಇಳಿಸಲು ಪೋಲರೈಸರ್ ಅನ್ನುವ ಬೇರೆ ಫಿಲ್ಟರ್ ಎರಡೂ ದಾರಿಗೆ ಬೇಕು. ತೂಕದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ.

ನಾನು ಶನಿವಾರ ಕೊಲ್ಲೂರಿಂದ ಜೀಪ್ ಹತ್ತುವವನು, ಭಾನುವಾರ ರಾತ್ರಿ ಕಂಪ್ಯೂಟರ್ ಮುಂದೆ ಒಂದು ತಾಸು ಕೂರುವುದು ನನಗೆ ಇಷ್ಟದ ಕೆಲಸ. ದುಡ್ಡೂ ಖರ್ಚಿಲ್ಲ. ಕೂತು ಸೇರಿಸಲು ಬೇಜಾರು ಅನ್ನುವವರಿಗೆ ಇದು ಒಗ್ಗುವುದಿಲ್ಲ.

ಫಿಲ್ಟರ್ ಸೆಟ್ ಈಗ ಕುಂದಾಪುರದಲ್ಲಿರುವ ಚಿಕ್ಕಮ್ಮನ ಮಗನ ಹತ್ತಿರ ಇದೆ. ಅವನು ತೆಗೆಯುವುದೆಲ್ಲ ಮರವಂತೆಯ ಕಡಲು. ಅಲ್ಲಿ ದಿಗಂತ ಸ್ಕೇಲ್ ಇಟ್ಟ ಹಾಗೆ ನೇರ, ಅಲೆಯಂತೂ ಮೂರು ಫ್ರೇಮಿನಲ್ಲಿ ಮೂರು ಥರ. ಅವನಿಗೆ ಅದೇ ಸರಿ.