ಸೊಂಟದ ಬಾಗು ಅಳೆಯಲು ಟೇಪು, ಫೋನು, ಸೆನ್ಸರ್ ಬೆಲ್ಟು, ಡಯಲ್: ಬಳಸಿ ನೋಡಿದ ಮೇಲೆ

ತಿಪಟೂರಿನ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಈ ವರ್ಷ ತಂದ ವಸ್ತುಗಳಲ್ಲಿ ನನಗೆ ತುಂಬ ಸಮಾಧಾನ ಕೊಟ್ಟಿದ್ದು ಎರಡು ಡಯಲ್ ಇನ್‌ಕ್ಲೈನೋಮೀಟರ್‌ಗಳು, ಅಂದರೆ ಬೆನ್ನಿನ ಮೇಲಿಟ್ಟರೆ ಎಷ್ಟು ಡಿಗ್ರಿ ಬಾಗಿತು ಎಂದು ತೋರಿಸುವ ಉಪಕರಣಗಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಟೇಪು ಮೊದಲಿನಿಂದಲೂ ಇತ್ತು. ಫೋನಿನ ಆ್ಯಪ್ ನೋಡಿದ್ದಾಯಿತು. ಏಜೆಂಟರೊಬ್ಬರು ಬಳಸಿ ನೋಡಿ ಅಂತ ಬಿಟ್ಟುಹೋಗಿದ್ದ ವೈರ್‌ಲೆಸ್ ಸೆನ್ಸರ್ ಬೆಲ್ಟನ್ನೂ ಕಟ್ಟಿ ನೋಡಿದೆ. ಕೈ ಹೋಗುವುದು ಮಾತ್ರ ಡಯಲ್‌ಗೇ.

ನಮ್ಮಲ್ಲಿ ಬರುವವರು ಜಾಸ್ತಿ ಕೊಬ್ಬರಿ ಮೂಟೆ ಹೊರುವವರು, ಕಾಯಿ ಸುಲಿಯುವವರು. ‘ಪರವಾಗಿಲ್ಲ ಮೇಡಂ, ಸ್ವಲ್ಪ ಕಮ್ಮಿಯಾಗಿದೆ’ ಎನ್ನುತ್ತಾರೆ. ಎಷ್ಟು ಕಮ್ಮಿ? ನಾಳೆಯಿಂದ ಮೂಟೆ ಎತ್ತಬಹುದಾ? ಎಂಆರ್‌ಐ ನೋಡಿ ಇದನ್ನು ಹೇಳಲು ಆಗುವುದಿಲ್ಲ. ನೋವೇ ಇಲ್ಲದವರ ಸ್ಕ್ಯಾನ್‌ಗಳ ಬಗ್ಗೆ 2015ರಲ್ಲಿ ಒಂದು ದೊಡ್ಡ ವಿಮರ್ಶೆ ಬಂತು. 20ರ ವಯಸ್ಸಿನವರಲ್ಲೇ ಶೇ 37ರಷ್ಟು ಮಂದಿಗೆ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಸವೆದಿತ್ತು. 80ರ ವಯಸ್ಸಿನವರಲ್ಲಿ ಅದು ಶೇ 96. ಚಿತ್ರದಲ್ಲಿ ಸವೆತ ಕಂಡ ಮಾತ್ರಕ್ಕೆ ನೋವಿಗೆ ಅದೇ ಕಾರಣ ಎನ್ನುವ ಹಾಗಿಲ್ಲ. ಬೆನ್ನು ಹೇಗೆ ಕೆಲಸ ಮಾಡುತ್ತಿದೆ ಎನ್ನುವುದನ್ನೇ ಅಳೆಯಬೇಕು.

ಟೇಪಿನ ವಿಧಾನ ಹಳೆಯದು. ಶೋಬರ್ ಎಂಬ ವೈದ್ಯರು ಅದನ್ನು ಹೇಳಿದ್ದು 1937ರಲ್ಲಿ. ಈಗ ಬಳಸುವ ತಿದ್ದಿದ ರೂಪದಲ್ಲಿ ಸೊಂಟದ ಬುಡದಿಂದ 10 ಸೆಂಟಿಮೀಟರ್ ಮೇಲೆ, 5 ಸೆಂಟಿಮೀಟರ್ ಕೆಳಗೆ ಗುರುತು ಹಾಕಿ, ಬಾಗಿದಾಗ ಅವುಗಳ ನಡುವಿನ ದೂರ ಎಷ್ಟು ಹೆಚ್ಚಿತು ಎಂದು ನೋಡುತ್ತೇವೆ. ಬೆನ್ನುಮೂಳೆಯ ಕೀಲುಗಳಲ್ಲಿ ಉರಿಯೂತವಾಗಿ ಬೆನ್ನು ಬಿಗಿಯುವ ಆ್ಯಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇದೆಯೇನೋ ಎಂಬ ಅನುಮಾನ ಬಂದರೆ ನಾನು ಈಗಲೂ ಟೇಪನ್ನೇ ತೆಗೆಯುತ್ತೇನೆ. ದಪ್ಪ ಮೈಯವರಲ್ಲಿ ಟೇಪು ಚರ್ಮ ಹಿಗ್ಗಿದ್ದನ್ನು ಹೇಳುತ್ತಿದೆಯೋ ಬೆನ್ನುಮೂಳೆ ಬಾಗಿದ್ದನ್ನು ಹೇಳುತ್ತಿದೆಯೋ ತಿಳಿಯುವುದಿಲ್ಲ.

ಫೋನಿನ ಆ್ಯಪ್ ಪುಕ್ಕಟೆ ಸಿಗುತ್ತದೆ, ಲೆಕ್ಕವೂ ಸರಿಯಾಗಿಯೇ ಬರುತ್ತದೆ. ಆದರೆ ಹಿಂದಿನ ಕ್ಯಾಮೆರಾ ಉಬ್ಬಿರುವುದರಿಂದ ಫೋನು ಬೆನ್ನಿನ ಮೇಲೆ ಸಮನಾಗಿ ಕೂರುವುದಿಲ್ಲ. ಅಳೆಯಬೇಕಾದ ಜಾಗ ಎರಡು, ಇರುವ ಫೋನು ಒಂದು.

ಸೆನ್ಸರ್ ಬೆಲ್ಟಿನ ಮೇಲೆ ನನಗೆ ನಿಜವಾಗಿ ಆಸೆಯಿತ್ತು. ಅದಕ್ಕೆ ಕಾರಣವೂ ಇದೆ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಮಾರಸ್ ಅವರ ತಂಡ ಲಂಬಾರ್ ಮೋಷನ್ ಮಾನಿಟರ್ ಎಂಬ ಉಪಕರಣ ಮಾಡಿತು. ಬೆನ್ನಿಗೆ ಕಟ್ಟಿಕೊಳ್ಳುವ ಹೊರಗಿನ ಬೆನ್ನೆಲುಬಿನಂಥದ್ದು. ಬೆನ್ನು ಎಷ್ಟು ಬಾಗಿತು ಎನ್ನುವುದರ ಜೊತೆಗೆ ಎಷ್ಟು ವೇಗದಲ್ಲಿ ಬಾಗಿತು, ಹೇಗೆ ತಿರುಗಿತು ಎಂಬುದನ್ನೂ ಅದು ದಾಖಲಿಸುತ್ತದೆ. ಸೊಂಟನೋವಿನವರು ಕೆಲವೊಮ್ಮೆ ಪೂರ್ತಿ ಬಾಗಿಬಿಡುತ್ತಾರೆ, ಆದರೆ ಹೆದರಿ ಹೆದರಿ, ನಿಧಾನವಾಗಿ. ಆ ಹೆದರಿಕೆ ವೇಗದಲ್ಲಿ ಕಾಣುತ್ತದೆ, ಕೋನದಲ್ಲಿ ಕಾಣುವುದಿಲ್ಲ. ಬೆಲ್ಟು ಇದನ್ನು ಗ್ರಾಫ್ ಹಾಕಿ ತೋರಿಸಿದಾಗ ಖುಷಿಯಾಯಿತು. ಈ ಒಂದು ವಿಷಯದಲ್ಲಿ ನನ್ನ ಡಯಲ್ ಅದರ ಹತ್ತಿರವೂ ಬರುವುದಿಲ್ಲ.

ತೊಂದರೆ ಬಂದಿದ್ದು ತಿರುಗುವ ಅಳತೆಯಲ್ಲಿ. ನನ್ನ ಕೋಣೆಯಲ್ಲಿ ಕಬ್ಬಿಣದ ಮಂಚ, ಪಕ್ಕದಲ್ಲಿ ಸ್ಟೀಲ್ ಬೀರು. ಮಂಚದ ಪಕ್ಕ ನೇರವಾಗಿ ನಿಂತವರನ್ನೂ ಬೆಲ್ಟು ಎಡಕ್ಕೆ ತಿರುಗಿದ್ದಾರೆ ಎಂದು ತೋರಿಸುತ್ತಿತ್ತು. ಎರಡು ಹೆಜ್ಜೆ ಆಚೆ ನಿಲ್ಲಿಸಿದರೆ ಲೆಕ್ಕ ಬೇರೆ. ಬಾಗುವುದನ್ನು ಅಳೆಯಲು ಸೆನ್ಸರ್‌ಗೆ ಗುರುತ್ವಾಕರ್ಷಣೆ ಸಾಕು, ಹಾಗಾಗಿ ಅದು ಸರಿಯಾಗಿಯೇ ಬಂತು, ಡಯಲ್‌ಗೆ ಹತ್ತಿರ ಹತ್ತಿರ. ನಿಂತಲ್ಲೇ ಎಡಕ್ಕೆ ಬಲಕ್ಕೆ ತಿರುಗಿದಾಗ ಗುರುತ್ವದಿಂದ ಏನೂ ಗೊತ್ತಾಗುವುದಿಲ್ಲ. ಆಗ ಸೆನ್ಸರ್ ಒಳಗಿನ ದಿಕ್ಸೂಚಿಯನ್ನು ನಂಬಬೇಕು. ಹತ್ತಿರದಲ್ಲಿ ಕಬ್ಬಿಣವಿದ್ದರೆ ದಿಕ್ಸೂಚಿ ದಾರಿ ತಪ್ಪುತ್ತದೆ.

ಏಜೆಂಟರಿಗೆ ಫೋನ್ ಮಾಡಿದರೆ, ಸೆನ್ಸರ್ ಕೈಯಲ್ಲಿ ಹಿಡಿದು ಗಾಳಿಯಲ್ಲಿ ಎಂಟರ ಆಕಾರ ಬರೆಯಿರಿ, ಸರಿಹೋಗುತ್ತದೆ ಅಂದರು. ಪ್ರತಿ ರೋಗಿಗೂ ಬರೆದೆ. ಮಂಚದ ಹತ್ತಿರ ಬಂದರೆ ಮತ್ತೆ ಅದೇ ಕಥೆ. ಕಬ್ಬಿಣ ಇಲ್ಲದ ಜಾಗ ಅಂದರೆ ಹೊರಗಿನ ಹಜಾರ. ಅಲ್ಲಿ ಜನ ಓಡಾಡುತ್ತಿರುತ್ತಾರೆ. ಒಬ್ಬ ಹೆಣ್ಣುಮಗಳನ್ನು ಬೆನ್ನು ತೆರೆದು ಅಲ್ಲಿ ನಿಲ್ಲಿಸಲು ಆಗುತ್ತದಾ? ಮಂಚ, ಬೀರು ಬದಲಿಸಿ ಅಂತಲೂ ಸಲಹೆ ಬಂತು. ಬೆಲ್ಟಿನ ಬೆಲೆಯೇ ನನ್ನ ಕ್ಲಿನಿಕ್ಕಿನ ಹಲವು ತಿಂಗಳ ಬಾಡಿಗೆ. ಅದರ ಮೇಲೆ ಹೊಸ ಪೀಠೋಪಕರಣ ಬೇರೆ. ನನ್ನಿಂದಾಗದು ಅಂದೆ. ಬೇಸಿಗೆಯ ಬೆವರಿಗೆ ಅಂಟಿನ ಪಟ್ಟಿ ಕಿತ್ತು ಬರುತ್ತಿದ್ದುದು ಇನ್ನೊಂದು ಕಿರಿಕಿರಿ.

ಇನ್ನು ಡಯಲ್. ಒಂದನ್ನು ಪಕ್ಕೆಲುಬು ಮುಗಿಯುವ ಮಟ್ಟದಲ್ಲಿ, ಟಿ12 ಮೂಳೆಯ ಮೇಲೆ ಇಡುತ್ತೇನೆ. ಇನ್ನೊಂದನ್ನು ಕೆಳಗೆ ಸೇಕ್ರಮ್ ಮೇಲೆ, ಅಂದರೆ ಬೆನ್ನುಮೂಳೆಯ ಬುಡದ ತ್ರಿಕೋನಾಕಾರದ ಮೂಳೆಯ ಮೇಲೆ. ಎರಡನ್ನೂ ಸೊನ್ನೆಗೆ ತಂದು ಬಾಗಲು ಹೇಳುತ್ತೇನೆ. ಮೇಲಿನದು 80, ಕೆಳಗಿನದು 45 ತೋರಿಸಿತು ಅನ್ನಿ. ಕಳೆದರೆ 35 ಡಿಗ್ರಿ. ಸೊಂಟದ ಭಾಗದ ಬೆನ್ನುಮೂಳೆ ಬಾಗಿದ್ದು ಅಷ್ಟೇ, ಉಳಿದಿದ್ದು ಹಿಪ್ ಕೀಲಿನ ಕೆಲಸ. ಸಾಮಾನ್ಯವಾಗಿ 60 ಡಿಗ್ರಿಯ ಹತ್ತಿರ ಬರಬೇಕು. ಕಾಲ್ಬೆರಳು ಮುಟ್ಟಿ ‘ನೋಡಿ, ನಾನು ಸರಿಹೋದೆ’ ಎನ್ನುವವರ ಬೆನ್ನು ಎಷ್ಟೋ ಸಲ ಹಲಗೆಯಂತೆ ಬಿಗಿದಿರುತ್ತದೆ. ಕೆಳಗಿನ ಡಯಲ್ ಇಲ್ಲದೆ ಇದು ಸಿಕ್ಕಿಬೀಳುವುದಿಲ್ಲ. ಬ್ಯಾಟರಿ ಬೇಡ, ಕರೆಂಟ್ ಹೋದರೂ ಚಿಂತೆಯಿಲ್ಲ. ಗುರುತು ಹಾಕುವ ಜಾಗ ಪ್ರತಿ ಸಲ ಒಂದೇ ಇರಬೇಕು, ಅದಕ್ಕೆ ಕೈ ಪಳಗಬೇಕು. ಮೂರು ಸಲ ಅಳೆದು, 5 ಡಿಗ್ರಿ ಒಳಗೆ ಬಂದರೆ ಮಾತ್ರ ಬರೆದುಕೊಳ್ಳುತ್ತೇನೆ.

ಕೋನದ ಜೊತೆಗೆ, ಸೊಂಟನೋವು ದಿನದ ಕೆಲಸಕ್ಕೆ ಎಷ್ಟು ಅಡ್ಡಿ ಮಾಡುತ್ತಿದೆ ಎಂದು ತಿಳಿಯುವ ಓಸ್ವೆಸ್ಟ್ರಿ ಪ್ರಶ್ನಾವಳಿಯನ್ನೂ ಕೇಳುತ್ತೇನೆ. ಹತ್ತು ಭಾಗ, ಒಂದೊಂದಕ್ಕೆ 0ರಿಂದ 5 ಅಂಕ. ರಾತ್ರಿ ನಿದ್ದೆ ಬರುತ್ತದಾ, ಎಷ್ಟು ಹೊತ್ತು ಕೂರಲು ಆಗುತ್ತದೆ ಎನ್ನುವುದನ್ನು ಯಾವ ಡಯಲೂ ಹೇಳುವುದಿಲ್ಲ ಅಲ್ವಾ.

ಸಂಶೋಧನೆ ಮಾಡುವವರಿಗೆ, ಕಬ್ಬಿಣವಿಲ್ಲದ ಖಾಲಿ ಕೋಣೆ ಇರುವವರಿಗೆ ಬೆಲ್ಟು ಸರಿ. ನನ್ನಂತೆ ಒಬ್ಬರೇ ಕ್ಲಿನಿಕ್ ನಡೆಸುವವರು ಡಯಲ್ ತೆಗೆದುಕೊಳ್ಳಿ. ಎರಡೂ ಒಂದೇ ಮಾದರಿಯದಿರಲಿ. ತಳ ಚಪ್ಪಟೆಯಾಗಿರುವುದು ಬೇಡ, ಎರಡು ಕಾಲುಗಳಿರುವುದೇ ಬೇಕು. ಬೆನ್ನುಮೂಳೆಯ ಏಣಿನ ಮೇಲೆ ಅದು ಅಲುಗಾಡದೆ ಕೂರುತ್ತದೆ.