ದೊಡ್ಡ ಕಂಪನಿಯೋ, ಸಣ್ಣ ಸ್ಟಾರ್ಟ್‌ಅಪ್ಪೋ?

ಸಾಫ್ಟ್‌ವೇರ್ ಕೆಲಸಕ್ಕೆ ಎರಡೂ ಕಡೆಯಿಂದ ಕರೆ ಬಂದಿದೆ, ಯಾವುದಕ್ಕೆ ಹೋಗಲಿ ಎಂದು ಕೇಳಿದ್ದೀರಿ. ಮೊದಲು ಸಂದರ್ಶನ. ದೊಡ್ಡ ಕಂಪನಿಯಲ್ಲಿ ಸಾಮಾನ್ಯವಾಗಿ 4–5 ಸುತ್ತು: ಅಲ್ಗಾರಿದಮ್ (ಲೆಕ್ಕವನ್ನು ಹಂತಹಂತವಾಗಿ ಬಿಡಿಸುವ ಕ್ರಮ), ಸಿಸ್ಟಂ ವಿನ್ಯಾಸ (ದೊಡ್ಡ ತಂತ್ರಾಂಶದ ಭಾಗಗಳನ್ನು ಜೋಡಿಸುವ ಬಗೆ), ನಡವಳಿಕೆ (ತಂಡದಲ್ಲಿ ಹೇಗೆ ಕೆಲಸ ಮಾಡುತ್ತೀರಿ ಎಂಬುದು). ತಿಂಗಳುಗಟ್ಟಲೆ ಅಭ್ಯಾಸ ಬೇಕು. ಸ್ಟಾರ್ಟ್‌ಅಪ್‌ನಲ್ಲಿ ಬಹುಮಟ್ಟಿಗೆ ನೀವು ಮಾಡಿದ ಕೆಲಸದ ಕುರಿತೇ ಮಾತು.

ಹಣದ ವಿಚಾರವನ್ನು ಬಿಡಿಸಿ ನೋಡಿ. ಷೇರುಪೇಟೆಯಲ್ಲಿರುವ ಕಂಪನಿ ಕೊಡುವ ಷೇರುಗಳು ಹೆಚ್ಚಾಗಿ 4 ವರ್ಷಗಳಲ್ಲಿ ಕಂತುಕಂತಾಗಿ ಕೈಸೇರುತ್ತವೆ, ಮಾರಿದರೆ ಹಣ. ಸ್ಟಾರ್ಟ್‌ಅಪ್ ಕೊಡುವ ಆಪ್ಷನ್‌ಗಳನ್ನು (ಗೊತ್ತುಮಾಡಿದ ಬೆಲೆಗೆ ಷೇರು ಕೊಳ್ಳುವ ಹಕ್ಕು) ನೀವೇ ದುಡ್ಡು ತೆತ್ತು ಷೇರಾಗಿಸಿಕೊಳ್ಳಬೇಕು. ಮುಂದೆ ಕೊಳ್ಳುವವರು ಸಿಗದಿದ್ದರೆ ಅವು ಬರೀ ಕಾಗದ. ಸಾಲದ ಕಂತು ಕಟ್ಟುವವರು ಅದನ್ನು ಸಂಬಳವೆಂದು ಎಣಿಸಲೇಬಾರದು.

ಕಲಿಕೆ? ದೊಡ್ಡ ಕಂಪನಿಯಲ್ಲಿ ಕೋಡ್‌ನಲ್ಲಿ ನಾನು ಮಾಡಿದ ಒಂದೇ ಸಾಲಿನ ತಿದ್ದುಪಡಿಗೆ ಇಬ್ಬರು ಪರಿಶೀಲಕರು 11 ಟಿಪ್ಪಣಿ ಬರೆದರು. ಶಿಸ್ತು ಕಲಿತದ್ದು ಅಲ್ಲೇ. ಹೊಸಬರಿಗೆ ಅದು ಒಳ್ಳೆಯದು. ಪಳಗಿದ ಮೇಲೆ ಇಡೀ ಉತ್ಪನ್ನವನ್ನೇ ಹೊರುವ ಹಂಬಲವಿದ್ದರೆ ಸ್ಟಾರ್ಟ್‌ಅಪ್‌ಗೆ ಹೋಗಿ, ಆರು ತಿಂಗಳ ಖರ್ಚನ್ನು ಕೈಯಲ್ಲಿಟ್ಟುಕೊಂಡು.