ತಾತನ ಮಿಲ್ಟ್ರಿ ದಿನಗಳ ಹುಡುಕಾಟ: ಯಾವ ದಾರಿ ಕೈಹಿಡಿಯಿತು, ಯಾವುದು ಕೈಕೊಟ್ಟಿತು

ಮಾಲೂರು ಕಡೆಯ ನಮ್ಮೂರಲ್ಲಿ ಒಂದೂವರೆ ಎಕರೆ ಹೊಲಕ್ಕೆ ಇವತ್ತಿಗೂ 'ಮಿಲ್ಟ್ರಿ ಹೊಲ' ಅಂತಲೇ ಹೆಸರು. ಎರಡನೇ ಮಹಾಯುದ್ಧದಲ್ಲಿ, ರಸ್ತೆ-ಸೇತುವೆ ಕಟ್ಟುವ ಸೇನಾ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದ ತಾತ 1946ರಲ್ಲಿ ಊರಿಗೆ ವಾಪಸು ಬಂದಮೇಲೆ ದರ್ಖಾಸ್ತಿನಲ್ಲಿ ಸಿಕ್ಕಿದ ಹೊಲ ಅದು. ಬರ್ಮಾದಲ್ಲಿ ತಾತ ಏನು ಮಾಡಿದರು ಅಂದರೆ ಮನೆಯವರೆಲ್ಲರ ಬಾಯಲ್ಲೂ ಒಂದೇ ಮಾತು: "ಸಾವಿರ ಅಡಿ ಸೇತುವೆ ಕಟ್ಟಿದ್ರು." ಯಾವ ನದಿಗೆ, ಯಾವ ಇಸವಿಯಲ್ಲಿ ಅಂದರೆ ಎಲ್ಲರೂ ಸುಮ್ಮನೆ. ತಾತ ತೀರಿಕೊಂಡು ಮೂವತ್ತು ವರ್ಷವಾಗಿದೆ, ಕೇಳೋಣವೆಂದರೆ ಅಜ್ಜಿಯೂ ಇಲ್ಲ.

ಎರಡು ವರ್ಷದಿಂದ ಇದರ ಹಿಂದೆ ಬಿದ್ದಿದ್ದೇನೆ. ಐದು ದಾರಿ ತುಳಿದೆ. ಒಂದರಲ್ಲಿ ದುಡ್ಡು ಕಳೆದುಕೊಂಡೆ, ಒಂದರಲ್ಲಿ ಒಂದೇ ಒಂದು ಸಾಲು ಸಿಕ್ಕಿತು, ಇನ್ನೊಂದರಲ್ಲಿ ನೂರಾರು ಪುಟ ಸಿಕ್ಕಿದರೂ ಅವುಗಳಲ್ಲೆಲ್ಲೂ ತಾತನ ಹೆಸರಿಲ್ಲ.

ಮೊದಲು ದುಡ್ಡು ಹೋದ ಕತೆ ಮುಗಿಸಿಬಿಡುತ್ತೇನೆ. ನಿಮ್ಮ ಪೂರ್ವಜರ ಸೇನಾ ದಾಖಲೆ ಹುಡುಕಿಕೊಡುತ್ತೇವೆ ಎನ್ನುವ ಒಂದು ಖಾಸಗಿ ಸೇವೆಗೆ ಹದಿನೆಂಟು ಸಾವಿರ ಕಟ್ಟಿದೆ. ಆರು ವಾರಕ್ಕೆ ಚೆಂದದ ಪಿಡಿಎಫ್ ಬಂತು. ತೆರೆದು ನೋಡಿದರೆ ಅದು ಮೊದಲ ಮಹಾಯುದ್ಧದ ಪದಕದ ಕಾರ್ಡು, ತಾತನ ಹೆಸರಿನವರೇ ಆದ ಬೇರೆ ಯಾರದ್ದೋ. ಆಗ ನಮ್ಮ ತಾತ ಹುಟ್ಟೇ ಇರಲಿಲ್ಲ. ಕೇಳಿದ್ದಕ್ಕೆ "ಹೆಸರು ಹೊಂದಿಕೆಯಾಗಿದೆಯಲ್ಲ ಸರ್" ಎಂಬ ಉತ್ತರ. ಸೈನಿಕ ಸಂಖ್ಯೆ ಕೇಳದೆಯೇ ದುಡ್ಡು ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಆ ಸಂಖ್ಯೆ ನಮಗೆ ಸಿಕ್ಕಿದ್ದು ಮನೆಯ ಅಟ್ಟದ ಮೇಲೆ, ಕಬ್ಬಿಣದ ಟ್ರಂಕಿನಲ್ಲಿ. ಅಜ್ಜಿಯ ಮದುವೆ ಸೀರೆಯ ಅಡಿಯಲ್ಲಿ ಮೂರು ಪದಕ: 1939–45 ಸ್ಟಾರ್, ಬರ್ಮಾ ಸ್ಟಾರ್, ವಾರ್ ಮೆಡಲ್. ಬರ್ಮಾ ಸ್ಟಾರಿನ ಪಟ್ಟಿ ಕಡುನೀಲಿ, ನಡುವೆ ಅಗಲದ ಕೆಂಪು, ಎರಡು ಕಡೆಯ ನೀಲಿಯಲ್ಲೂ ಒಂದೊಂದು ಕಿತ್ತಳೆ ಗೆರೆ. ಜಿರಳೆ ತಿಂದು ಅರ್ಧ ಉಳಿದಿತ್ತು. ವಾರ್ ಮೆಡಲಿನ ಒಂದು ಮುಖದಲ್ಲಿ ಎರಡು ತಲೆಯ ಡ್ರ್ಯಾಗನ್ನನ್ನು ತುಳಿದು ನಿಂತ ಸಿಂಹ. ಚಿಕ್ಕವರಿದ್ದಾಗ ನಾವು ಅದನ್ನು ನಾಯಿ ಅಂದುಕೊಂಡಿದ್ದೆವು. ಹುಣಸೆಹಣ್ಣು ಹಚ್ಚಿ ಉಜ್ಜಲು ಹೊರಟ ನನ್ನ ಹೆಂಡತಿಯನ್ನು ಸದ್ಯ ತಡೆದೆ. ಆಮೇಲೆ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ಅಂಚು ತಿರುಗಿಸಿದಾಗ ಒತ್ತಿದ ಅಕ್ಷರಗಳು ಕಂಡವು: ಸಂಖ್ಯೆ, ಎಸ್.ಪಿ.ಆರ್. (ಸ್ಯಾಪರ್) ಅಂತ ಹುದ್ದೆ, ಹೆಸರು. ಬ್ರಿಟಿಷ್ ಸೈನ್ಯದವರಿಗೆ ಈ ಪದಕಗಳನ್ನು ಹೆಸರಿಲ್ಲದೆ ಕೊಟ್ಟಿದ್ದರು, ನಮ್ಮ ಅದೃಷ್ಟಕ್ಕೆ ಇದರಲ್ಲಿ ಇತ್ತು. ತಾತನ ಹೆಸರಿನ ಕೊನೆಯ 'ಪ್ಪ' ಮಾತ್ರ ಅಲ್ಲಿ 'ಪ್ಪನ್' ಆಗಿತ್ತು. ಭರ್ತಿ ಮಾಡಿಕೊಂಡ ಗುಮಾಸ್ತರು ತಮಿಳರಿರಬೇಕು. ಅಲ್ಲಿಯವರೆಗೆ ನಾನು ಹುಡುಕಿದ್ದೆಲ್ಲ 'ಪ್ಪ'ದಲ್ಲಿ!

ಸಂಖ್ಯೆ ಕೈಗೆ ಬಂದಮೇಲೆ ಎರಡನೆಯ ದಾರಿ, ರೆಜಿಮೆಂಟಿನ ದಾಖಲೆ ಕಚೇರಿ. ಭಾರತೀಯ ಸಿಪಾಯಿಗಳ ವೈಯಕ್ತಿಕ ಕಾಗದ ಲಂಡನ್ನಿನಲ್ಲಿರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಅದು ಇರುವುದು ಆಯಾ ರೆಜಿಮೆಂಟಿನಲ್ಲಿ. ಮದ್ರಾಸ್ ಸ್ಯಾಪರ್ಸ್ ಅಂದರೆ ಇವತ್ತಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್), ಬೆಂಗಳೂರಿನ ಹಲಸೂರು ಕೆರೆ ಪಕ್ಕದ 'ತಂಬಿ'ಗಳ, ಅಂದರೆ ಅದರ ಸಿಪಾಯಿಗಳ ಮನೆ. ಅರ್ಜಿಯ ಜೊತೆ ಪದಕದ ಫೋಟೋ, ನಾಡಕಚೇರಿಯಲ್ಲಿ ಮಾಡಿಸಿದ ವಂಶವೃಕ್ಷ, ತಾತನ ತಂದೆಯ ಹೆಸರು, ಊರು, ತಾಲ್ಲೂಕು ಎಲ್ಲ ಬರೆದು ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ. ಆಗ ಕೋಲಾರ ಮೈಸೂರು ಸಂಸ್ಥಾನದ್ದು, ಹಾಗಾಗಿ 'ಮೈಸೂರು' ಎಂದೂ ಸೇರಿಸಿದೆ.

ಬಂದ ಉತ್ತರ ಅರ್ಥವಾಗಬೇಕಾದರೆ ಸೇನೆಯ ಎರಡು ಪದ ಗೊತ್ತಿರಬೇಕು. ಒಬ್ಬ ಸಿಪಾಯಿಯ ಪೂರ್ತಿ ಚರಿತ್ರೆ ಇರುವ ಕಾಗದಕ್ಕೆ 'ಶೀಟ್ ರೋಲ್' ಎನ್ನುತ್ತಾರೆ. ಪಿಂಚಣಿ ಇಲ್ಲದೆ ಬಿಡುಗಡೆಯಾದವರ ಶೀಟ್ ರೋಲನ್ನು 25 ವರ್ಷ ಇಟ್ಟು ನಾಶಮಾಡುವುದು ನಿಯಮ. ಯುದ್ಧಕ್ಕೆಂದು ಸೇರಿ ನಾಲ್ಕೈದು ವರ್ಷಕ್ಕೆ ಮನೆಗೆ ಬಂದ ತಾತನಂಥವರೆಲ್ಲ ಈ ಲೆಕ್ಕಕ್ಕೇ ಬರುತ್ತಾರೆ. ಉಳಿಯುವುದು 'ಲಾಂಗ್ ರೋಲ್', ಒಬ್ಬರಿಗೆ ಒಂದು ಸಾಲಿನ ದಪ್ಪ ರಿಜಿಸ್ಟರ್. ತಾತನ ಸಾಲಿನಲ್ಲಿ ಸೇರಿದ ದಿನ, ಬಿಟ್ಟ ದಿನ, ಬಿಡಲು ಕಾರಣ ಇದ್ದವು. ಅಷ್ಟೇ. ಕಾದದ್ದಕ್ಕೆ ಇಷ್ಟೇನಾ ಅನ್ನಿಸಿತು, ನಿಜ. ಆದರೆ ಸರ್ಕಾರಿ ಮೊಹರಿನ ಆ ಒಂದು ಸಾಲು ಇಲ್ಲದಿದ್ದರೆ ತಾತ ಸೇನೆಯಲ್ಲಿದ್ದರು ಎನ್ನುವುದೂ ಮನೆಮಾತಾಗಿಯೇ ಉಳಿಯುತ್ತಿತ್ತು.

ತಾತ ಯಾವ ಕಂಪನಿಯಲ್ಲಿ, ಅಂದರೆ ರೆಜಿಮೆಂಟಿನ ಯಾವ ತುಕಡಿಯಲ್ಲಿದ್ದರು ಅಂತ ಅದರಲ್ಲಿ ಇರಲಿಲ್ಲ. ಸಿಕ್ಕಿದ್ದು ನಾನು ಲೆಕ್ಕಕ್ಕೇ ಇಟ್ಟಿರದ ಜಾಗದಲ್ಲಿ: ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು. ಮಿಲ್ಟ್ರಿ ಹೊಲದ ಮಂಜೂರಾತಿ ಕಡತದಲ್ಲಿ, ಸಾಗುವಳಿ ಚೀಟಿಯ ಹಿಂದೆ, ಡಿಸ್ಚಾರ್ಜ್ ಪುಸ್ತಕದ ಕೈಬರಹದ ನಕಲು ದಾರದಿಂದ ಪೋಣಿಸಿಕೊಂಡಿತ್ತು. ಕಂಪನಿಯ ನಂಬರು ಅಲ್ಲಿತ್ತು. ಖರ್ಚು ನಕಲು ಶುಲ್ಕ, ಎರಡು ಕಾಫಿ. ಅಜ್ಜ ಸೈನ್ಯದಲ್ಲಿದ್ದು ಜಮೀನು ಪಡೆದವರಾಗಿದ್ದರೆ ದೆಹಲಿ, ಲಂಡನ್ ಎಲ್ಲ ಆಮೇಲೆ, ಮೊದಲು ಈ ಬಾಗಿಲು ತಟ್ಟಿ. ಜಮೀನು ಸಿಗದವರು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಬಹುದು. ಪಿಂಚಣಿಯಿಲ್ಲದ ಎರಡನೇ ಮಹಾಯುದ್ಧದ ಯೋಧರು, ಅವರ ವಿಧವೆಯರು ಮಾಸಾಶನಕ್ಕೆ ಅಲ್ಲಿಗೇ ಅರ್ಜಿ ಹಾಕುತ್ತಿದ್ದುದು. ನಮ್ಮ ಅಜ್ಜಿ ಹಾಕಿರಲಿಲ್ಲ.

ನಾಲ್ಕನೆಯದು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣ. ಉಚಿತ, ಮನೆಯಲ್ಲೇ ಕೂತು ನೋಡಬಹುದು. ಒಂದೇ ತೊಂದರೆ, ಅಲ್ಲಿರುವುದು ಸತ್ತವರ ಹೆಸರು ಮಾತ್ರ. ಆ ಯುದ್ಧದಲ್ಲಿ ಭಾರತದ ಸೇನೆ 25 ಲಕ್ಷಕ್ಕೆ ಬೆಳೆದಿತ್ತು. ಸತ್ತವರೆಂದು ಕಮಿಷನ್ ಲೆಕ್ಕ ಇಟ್ಟಿರುವುದು ಸುಮಾರು 87,000. ಬದುಕಿ ಬಂದ ತಾತ ಅಲ್ಲಿ ಇರುವ ಹಾಗೇ ಇಲ್ಲ. ಮೊದಲ ಸಲ ಬೇಸರದಿಂದ ಮುಚ್ಚಿಟ್ಟಿದ್ದೆ. ಕಂಪನಿ ಗೊತ್ತಾದಮೇಲೆ ತಿರುಗಿ ಹೋಗಿ, ತಾತನನ್ನು ಬಿಟ್ಟು ತಾತನ ಜೊತೆಯವರನ್ನು ಹುಡುಕಿದೆ. ಅದೇ ಕಂಪನಿಯ ಒಬ್ಬರ ಹೆಸರು ಇಂಫಾಲದ ದಹನ ಸ್ಮಾರಕದಲ್ಲಿತ್ತು. ಸುಟ್ಟ ದೇಹಕ್ಕೆ ಗೋರಿ ಇರುವುದಿಲ್ಲವಲ್ಲ, ಹಾಗೆ ದಹನವಾದ ಹಿಂದೂ, ಸಿಖ್ ಸೈನಿಕರು 868 ಜನರ ಹೆಸರು ಅಲ್ಲಿವೆ. ಈತನ ಹೆಸರಿನ ಎದುರು ಊರು ಅಂತ ಬರೆದಿದ್ದುದು ನಮ್ಮದರಿಂದ ಎರಡು ಹರದಾರಿ ದೂರದ್ದು. ತಾತ ವರ್ಷಕ್ಕೊಮ್ಮೆ ಆ ಊರಿಗೆ ನಡೆದು ಹೋಗಿ ಬರುತ್ತಿದ್ದರು. ಯಾಕೆ ಅಂತ ನಾವ್ಯಾರೂ ಕೇಳಿರಲಿಲ್ಲ.

ಕೊನೆಯದು ಲಂಡನ್ನಿನ ಕ್ಯೂನಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ. ಆಗ್ನೇಯ ಏಷ್ಯಾದ ಯುದ್ಧ ದಿನಚರಿಗಳು, ಅಂದರೆ ಸೇನೆಯ ತುಕಡಿಗಳು ದಿನದಿನದ ಕೆಲಸ ಬರೆದಿಟ್ಟ ಕಡತಗಳು, ಅಲ್ಲಿ ಡಬ್ಲ್ಯು.ಓ. 172 ಎಂಬ ಸರಣಿಯಲ್ಲಿವೆ. ಇಲ್ಲಿಂದ ಪ್ರತಿ ತರಿಸಿಕೊಳ್ಳಲು ಹೊರಟರೆ ಜೇಬು ಹರಿಯುತ್ತದೆ. ಖುದ್ದಾಗಿ ಹೋದವರು ಓದುಗರ ಚೀಟಿ ಮಾಡಿಸಿಕೊಂಡು ಮೊಬೈಲಿನಲ್ಲಿ ಪುಕ್ಕಟೆ ಫೋಟೋ ತೆಗೆಯಬಹುದು. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ರೆಡಿಂಗ್‌ನಲ್ಲಿರುವ ಚಿಕ್ಕಪ್ಪನ ಮಗಳಿಗೆ ದುಂಬಾಲು ಬಿದ್ದೆ. "ಅಣ್ಣ, ಶನಿವಾರ ಒಂದಿನ ಹೋಗ್ತೀನಿ, ಅಷ್ಟೇ" ಅಂದಳು. 1944ರ ಫೈಲಿನದು ನೂರನಲವತ್ತು ಫೋಟೋ ಕಳಿಸಿದಳು.

ಒಂದು ವಾರ ನಿದ್ದೆ ಕೆಟ್ಟಿತು. ಜಾಗ, ದಿನ, ಗಂಟೆ, ಏನಾಯಿತು ಅಂತ ಕಾಲಂ ಎಳೆದ ಅಚ್ಚಿನ ಹಾಳೆ, ಅದರ ಮೇಲೆ ಯಾವುದೋ ಅಧಿಕಾರಿಯ ಪೆನ್ಸಿಲ್ ಬರಹ. ಹೆಸರು ಬರುವುದು ಅಧಿಕಾರಿಗಳದ್ದು ಮಾತ್ರ, ಸಿಪಾಯಿಗಳೆಲ್ಲ 'ಒ.ಆರ್.', ಅಂದರೆ ಇತರೆ ದರ್ಜೆಯವರು. ಮಳೆಗಾಲದ ತಿಂಗಳುಗಳಲ್ಲಿ ಪುಟ ತಿರುವಿದರೆ ಬರೀ ಮಳೆ, ಕುಸಿದ ಗುಡ್ಡ, ರಸ್ತೆ ಕೆಲಸ. ಇಂಫಾಲದಿಂದ ಬರ್ಮಾದ ತಿದ್ದಿಂಗೆ ಹೋಗುವ ದಾರಿ ಅದು. 1944ರ ಮಳೆಯಲ್ಲೇ 5ನೇ ಭಾರತೀಯ ಡಿವಿಷನ್ ಜಪಾನೀಯರನ್ನು ಹಿಂದಟ್ಟುತ್ತ ಆ ದಾರಿಯಲ್ಲಿ ಮುಂದುವರಿದಿತ್ತು. ಅದರಲ್ಲಿ 'ಚಾಕೊಲೇಟ್ ಮೆಟ್ಟಿಲು' ಅಂತ ಕರೆಯುತ್ತಿದ್ದ ಒಂದು ಏರು: ಏಳು ಮೈಲಿಯಲ್ಲಿ 3,000 ಅಡಿ, 38 ಹಿಮ್ಮುರಿ ತಿರುವು, ಪೂರ್ತಿ ಕೆಸರು. ಆ ರಸ್ತೆ ಲಾರಿ ಓಡುವ ಹಾಗೆ ಇರಬೇಕಲ್ಲ, ತಾತನವರ ಕೆಲಸ ಅದೇ. ಗುಂಡಿಗಿಂತ ಮಲೇರಿಯಾದಿಂದ ಬಿದ್ದವರೇ ಹೆಚ್ಚು ಅಂತ ತಿಂಗಳ ಕೊನೆಯ ಲೆಕ್ಕ ಹೇಳುತ್ತದೆ. "ಹಳದಿ ಮಾತ್ರೆ ನುಂಗಿ ನುಂಗಿ ಮೈಯೆಲ್ಲ ಅರಿಶಿನ ಹಚ್ಕೊಂಡ ಹಾಗಾಗಿತ್ತು" ಅಂತ ತಾತ ನಗುತ್ತಿದ್ದುದು ಸುಳ್ಳಲ್ಲ, ಅದು ಮಲೇರಿಯಾ ತಡೆಯಲು ಕೊಡುತ್ತಿದ್ದ ಮೆಪಾಕ್ರಿನ್.

ಇನ್ನೊಬ್ಬರು ಕೇಳಿದರೆ ನನ್ನ ಲೆಕ್ಕ ಹೀಗೆ: ಕ್ಯೂ ದಿನಚರಿಗೆ ಸಾಟಿಯಿಲ್ಲ, ಆದರೆ ಕಂಪನಿ ಗೊತ್ತಿಲ್ಲದೆ ಹೋದರೆ ಸಂತೆಯಲ್ಲಿ ಹೆಸರು ಗೊತ್ತಿಲ್ಲದವನನ್ನು ಕೂಗಿದಂತೆ. ಟ್ರಂಕು, ತಾಲ್ಲೂಕು ಕಚೇರಿ, ಆಮೇಲೆ ಕ್ಯೂ. ಲಾಂಗ್ ರೋಲ್ ಅರ್ಜಿಯನ್ನು ಮೊದಲೇ ಹಾಕಿ ಮರೆತುಬಿಡಿ, ಬಂದಾಗ ಬರುತ್ತದೆ.

ಆ ಸೇತುವೆ? ಕಲೇವಾ ಬಳಿ ಚಿಂದ್ವಿನ್ ನದಿಗೆ 1944ರ ಡಿಸೆಂಬರಿನಲ್ಲಿ 1,154 ಅಡಿಯ ಬೈಲಿ ಸೇತುವೆ (ಉಕ್ಕಿನ ಬಿಡಿ ಚೌಕಟ್ಟುಗಳನ್ನು ಜೋಡಿಸಿ ಬೇಗ ಕಟ್ಟುವಂಥದ್ದು) ಹಾಕಿದ್ದು ನಿಜ. ಆಗ ಜಗತ್ತಿನ ಬೈಲಿ ಸೇತುವೆಗಳಲ್ಲೇ ಅತಿ ಉದ್ದದ್ದು. ನೂರನಲವತ್ತು ಫೋಟೋಗಳಲ್ಲಿ ತಾತನ ಕಂಪನಿ ಕಟ್ಟಿದ ಅತಿ ದೊಡ್ಡ ಸೇತುವೆ ಅರವತ್ತು ಅಡಿಯದು. ತಾತ ಆ ದೊಡ್ಡ ಸೇತುವೆ ದಾಟಿರಬಹುದು, ಕಟ್ಟಿದವರು ಬೇರೆಯವರು ಅಂತ ಅಪ್ಪನಿಗೆ ಮೆಲ್ಲಗೆ ಹೇಳಿದೆ. ಅಪ್ಪ ಕನ್ನಡಕ ಏರಿಸಿಕೊಂಡು ಕೊನೆಯ ಫೋಟೋ ದೊಡ್ಡದು ಮಾಡಿ ನೋಡಿದರು. ಪತ್ರಾಗಾರ ಮುಚ್ಚುವ ಹೊತ್ತಾಯಿತೆಂದು ತಂಗಿ ನವೆಂಬರಿಗೇ ನಿಲ್ಲಿಸಿದ್ದಳು.

"ಡಿಸೆಂಬರ್ ನೋಡೇ ಇಲ್ವಲ್ಲೋ ನೀವು" ಅಂದರು ಅಪ್ಪ.